ಅಪ್‌ಡೇಟ್: ಮೂರು ಊರಿನ ಮನೆಗೆ ಒಂದೇ ಕ್ಯಾಲೆಂಡರ್

ಅಪ್ಪ ಅಮ್ಮ ಶಿವಮೊಗ್ಗದಲ್ಲಿ, ನಾನು ಬೆಂಗಳೂರಿನಲ್ಲಿ, ತಂಗಿ ನ್ಯೂಜೆರ್ಸಿಯಲ್ಲಿ. ಎಲ್ಲರ ಓಡಾಟ ಒಂದೇ ಕಡೆ ಕಾಣುವ ಆ್ಯಪ್ ಯಾವುದು ಅಂತ ಕೇಳಿದ್ದೆ. ಕೊನೆಗೆ ಗೂಗಲ್ ಕ್ಯಾಲೆಂಡರ್‌ಗೇ ಬಂದು ನಿಂತಿದ್ದೇವೆ.

ಕೆಲವರು ಹೇಳಿದ ಗೂಗಲ್‌ನ ಫ್ಯಾಮಿಲಿ ಗ್ರೂಪ್ (ಮನೆಯವರ ಗೂಗಲ್ ಖಾತೆಗಳನ್ನು ಒಟ್ಟು ಸೇರಿಸುವ ಸೌಲಭ್ಯ) ನಮಗೆ ಆಗಲಿಲ್ಲ. ಅದರಲ್ಲಿ ಎಲ್ಲರೂ ಒಂದೇ ದೇಶದಲ್ಲಿರಬೇಕು. ಅದಕ್ಕೇ ‘ಮನೆ’ ಅಂತ ಬೇರೆ ಕ್ಯಾಲೆಂಡರ್ ಮಾಡಿ ಹಂಚಿಕೊಂಡೆವು. ತಂಗಿಗೆ ತಿದ್ದುವ ಅನುಮತಿ, ಅಪ್ಪನಿಗೆ ಬರೀ ನೋಡುವ ಅನುಮತಿ. (ಅಪ್ಪನಿಗೆ ಸ್ವಲ್ಪ ಬೇಜಾರು. ಇರಲಿ.)

ನಿಜವಾದ ತಲೆನೋವು ಟೈಮ್‌ಝೋನ್. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. ನಮ್ಮಲ್ಲಿ ಆ ಗೋಜಿಲ್ಲ ಅಲ್ವಾ? ತಂಗಿ ಅಲ್ಲಿಂದ ಹಾಕಿದ ವಾರದ ವಿಡಿಯೊ ಕಾಲ್ ನವೆಂಬರ್ ಬಂದರೆ ನಮಗೆ ರಾತ್ರಿ 8ರಿಂದ 9ಕ್ಕೆ ಜಾರುತ್ತಿತ್ತು. ಅಷ್ಟೊತ್ತಿಗೆ ಅಮ್ಮ ಮಲಗಿರುತ್ತಾರೆ. ಈಗ ಆ ಈವೆಂಟ್‌ನ ಟೈಮ್‌ಝೋನನ್ನೇ ಭಾರತದ್ದು ಮಾಡಿದ್ದೇವೆ. ನಮಗೆ ಯಾವಾಗಲೂ 8. ಅವಳಿಗೆ ಬೇಸಿಗೆಯಲ್ಲಿ ಬೆಳಿಗ್ಗೆ 10.30, ಚಳಿಗಾಲದಲ್ಲಿ 9.30.

ಏಕಾದಶಿ, ಅಮಾವಾಸ್ಯೆ ಎಲ್ಲ ಇನ್ನೂ ನಾನೇ ಕೈಯಾರೆ ಹಾಕುತ್ತಿದ್ದೇನೆ. ಕನ್ನಡ ಪಂಚಾಂಗವನ್ನು ಇದಕ್ಕೆ ಜೋಡಿಸುವ ದಾರಿ ಯಾರಿಗಾದರೂ ಗೊತ್ತಾ?