ಮಹಡಿ ರೂಮಿಗೆ ವೈಫೈ ಸರಿಯಾಗಿ ಬರ್ತಿಲ್ಲ: ತೊಂದರೆ ಲೈನಿನದ್ದಾ, ಗೋಡೆಯದ್ದಾ?

ಮಹಡಿರೂಮು
ನಮ್ಮದು ಬೆಂಗಳೂರಿನ ರಾಜಾಜಿನಗರ, 30×40 ಸೈಟಿನ ಡ್ಯೂಪ್ಲೆಕ್ಸ್ ಮನೆ. ಫೈಬರ್ ಬಾಕ್ಸ್ ಕೆಳಗಿನ ಹಾಲ್‌ನಲ್ಲಿ ಟಿವಿ ಯೂನಿಟ್ ಹಿಂದಿದೆ, ಅಲ್ಲಿಂದ ಒಂದು ಸಣ್ಣ ಲ್ಯಾನ್ ಕೇಬಲ್ ರೂಟರಿಗೆ. ಪ್ಲಾನ್ 200 ಎಂಬಿಪಿಎಸ್. ಹಾಲ್‌ನಲ್ಲಿ 90ರ ಆಸುಪಾಸು, ಮಹಡಿಯ ಹಿಂದಿನ ರೂಮಲ್ಲಿ 8–10 ದಾಟಲ್ಲ. ಕೈಲಿರೋದು ಒಂದು ವಿಂಡೋಸ್ ಲ್ಯಾಪ್‌ಟಾಪ್, ಒಂದು ಹಳೇ ಗಿಗಾಬಿಟ್ ರೂಟರ್. ಮೆಶ್‌ಗೆ (ಮನೆಯ ಬೇರೆಬೇರೆ ಕಡೆ ಇಟ್ಟು, ಒಂದಕ್ಕೊಂದು ಮಾತಾಡೋ ವೈಫೈ ಡಬ್ಬಿಗಳ ಸೆಟ್) ದುಡ್ಡು ಸುರಿಯೋ ಮೊದಲು ಏನೇನು ನೋಡ್ಬೇಕು?

ತಂತಿಮೊದಲು
ವೈಫೈ ಆಫ್ ಮಾಡಿ, ಲ್ಯಾಪ್‌ಟಾಪನ್ನ ರೂಟರಿಗೆ ಕೇಬಲ್‌ನಲ್ಲಿ ಹಾಕಿ ಸ್ಪೀಡ್ ಟೆಸ್ಟ್ ಮಾಡಿ. ತಂತಿಯಲ್ಲೇ 200 ಬರದಿದ್ರೆ ಗೋಡೆಯನ್ನ ಬೈದು ಪ್ರಯೋಜನವಿಲ್ಲ. ಹಾಗೇ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ (ಆ ಕೇಬಲ್ ಎಷ್ಟು ಎಂಬಿಪಿಎಸ್‌ಗೆ ಜೋಡಣೆಯಾಗಿದೆ ಅನ್ನೋದು) 1000 ಇದೆಯಾ, 100 ಇದೆಯಾ ನೋಡಿ.

ಆಮೇಲೆ ಕೇಬಲ್ ತೆಗೆದು ಮಹಡಿ ರೂಮಿಗೆ ಹೋಗಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ 'netsh wlan show interfaces' ಅಂತ ಕೊಡಿ. ವಿಂಡೋಸ್ 11ರ ಹೊಸ ಆವೃತ್ತಿಯಾದ್ರೆ ಲೊಕೇಶನ್ ಅನುಮತಿ ಆನ್ ಇರಬೇಕು, ಇಲ್ಲಾಂದ್ರೆ ಎರರ್ ಬರುತ್ತೆ. ಅದರಲ್ಲಿ ಸಿಗ್ನಲ್, ಚಾನೆಲ್, ರಿಸೀವ್ ರೇಟ್ ಈ ಮೂರು ಸಾಲು ಸಾಕು. ಸಿಗ್ನಲ್ ಶೇಕಡಾ ಲೆಕ್ಕದಲ್ಲಿರುತ್ತೆ. ಅರ್ಧ ಮಾಡಿ ನೂರು ಕಳೆದ್ರೆ ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೇದು) ಅಂದಾಜು ಸಿಗುತ್ತೆ. 66% ಅಂದ್ರೆ ಸುಮಾರು -67, ವಿಡಿಯೊ ಕಾಲ್‌ಗೆ ಅಡ್ಡಿಯಿಲ್ಲ. 40% ಅಂದ್ರೆ -80, ಅಲ್ಲಿ ಮಾತು ತುಂಡಾಗೋದು ಸಹಜ. ರಿಸೀವ್ ರೇಟ್ ಎಷ್ಟೇ ತೋರಿಸಲಿ, ಡೌನ್‌ಲೋಡ್‌ಗೆ ಸಿಗೋದು ಹೆಚ್ಚುಕಮ್ಮಿ ಅದರ ಅರ್ಧ.

ಕೊನೆಗೆ ಅದೇ ರೂಮಿಂದ ರೂಟರಿಗೇ ಪಿಂಗ್ ಮಾಡಿ (ಸಣ್ಣ ಸಂದೇಶ ಕಳಿಸಿ ಉತ್ತರಕ್ಕೆ ಎಷ್ಟು ಹೊತ್ತು ಹಿಡೀತು ಅಂತ ನೋಡೋದು), ನೂರು ಸಲ. ರೂಟರಿನ ವಿಳಾಸ ಕಮಾಂಡ್ ಪ್ರಾಂಪ್ಟ್‌ನಲ್ಲಿ ipconfig ಅಂತ ಕೊಟ್ರೆ ಡೀಫಾಲ್ಟ್ ಗೇಟ್‌ವೇ ಮುಂದೆ ಇರುತ್ತೆ. 2–5 ಮಿಲಿಸೆಕೆಂಡ್ ಒಳಗಿದ್ರೆ ಗಾಳಿಯಲ್ಲಿ ತೊಂದರೆಯಿಲ್ಲ. ಅದೇ 80, 200 ಅಂತ ಕುಣೀತಿದ್ರೆ, ನಡುನಡುವೆ ಟೈಮ್‌ಔಟ್ ಬಂದ್ರೆ, ತೊಂದರೆ ಮನೆಯೊಳಗೇ ಇದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡೋ ಕೆಲಸ ಉಳೀತು.

ಚಾನೆಲ್ಹನ್ನೊಂದು
ಚಾನೆಲ್ ಬಗ್ಗೆ ಒಂದು ಮಾತು. ನಮ್ಮಲ್ಲಿ ಮನೆಗೆ ಮನೆ ಅಂಟಿಕೊಂಡಿರೋದ್ರಿಂದ 2.4 ಗಿಗಾಹರ್ಟ್ಸ್‌ನಲ್ಲಿ ಅಕ್ಕಪಕ್ಕದವರ ನೆಟ್‌ವರ್ಕ್‌ಗಳದ್ದೇ ಸಂತೆ. 1, 6, 11 ಈ ಮೂರರಲ್ಲೇ ಒಂದನ್ನ ಆರಿಸಿ, ಅಗಲ 20 ಮೆಗಾಹರ್ಟ್ಸ್ ಇಡಿ. 'ಖಾಲಿ ಇದೆ' ಅಂತ 3ಕ್ಕೋ 8ಕ್ಕೋ ಹಾಕಿದ್ರೆ ಎರಡೂ ಕಡೆಯವರ ಗಲಾಟೆ ನಿಮಗೇ ಬರುತ್ತೆ. 5 ಗಿಗಾಹರ್ಟ್ಸ್‌ಗೆ 36 ಅಥವಾ 149 ಕೊಡಿ. 52ರಿಂದ 144ರವರೆಗಿನವು ರೇಡಾರ್ ಜೊತೆ ಹಂಚಿಕೊಂಡ ಚಾನೆಲ್‌ಗಳು. ರೇಡಾರ್ ಸುಳಿವು ಸಿಕ್ಕರೆ ರೂಟರ್ ತಕ್ಷಣ ಚಾನೆಲ್ ಬಿಡಬೇಕು, ಆಗ ಕನೆಕ್ಷನ್ ಹಾರಿಹೋಗುತ್ತೆ.

ರೂಟರನ್ನ ಟಿವಿ ಹಿಂದಿಂದ ಮೊದಲು ಆಚೆ ತನ್ನಿ. ಖರ್ಚಿಲ್ಲದ ಕೆಲಸ ಅದು. ಆದ್ರೆ ನಡುವೆ ಆರ್‌ಸಿಸಿ ಸ್ಲ್ಯಾಬ್ ಇದೆಯಲ್ಲ, ಕಂಬಿ ಕಟ್ಟಿದ ಕಾಂಕ್ರೀಟನ್ನ ದಾಟೋ ಶಕ್ತಿ 5 ಗಿಗಾಹರ್ಟ್ಸ್‌ಗೆ ಕಮ್ಮಿ.

ತಂತಿಮೊದಲು
ಹೌದು, ಅದಕ್ಕೇ ಮೆಶ್ ಕೊಂಡ್ರೂ ಎರಡು ಡಬ್ಬಿ ಅದೇ ಸ್ಲ್ಯಾಬ್ ಮೂಲಕವೇ ಮಾತಾಡ್ಬೇಕು. ಡಿಶ್ ಕೇಬಲ್‌ಗೆ ಅಂತ ಟೆರೇಸಿಂದ ಹಾಲ್‌ವರೆಗೆ ಪೈಪ್ ಇಳಿಸಿದ್ದಾರಾ ನೋಡಿ. ಇದ್ರೆ ಹಳೇ ಕೇಬಲ್ ತುದಿಗೆ ಕ್ಯಾಟ್ 6 ಲ್ಯಾನ್ ಕೇಬಲ್ ಕಟ್ಟಿ ಎಳೀರಿ, 20 ಮೀಟರ್ ಸಾಕು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡ್‌ನಲ್ಲಿ ಕೇಳುವಾಗ 'ಪೂರ್ತಿ ತಾಮ್ರದ್ದು' ಅನ್ನಿ. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ್ದು ಅಗ್ಗ, ಆದ್ರೆ ಎಳೆಯುವಾಗಲೇ ಒಳಗೆ ಮುರಿಯುತ್ತೆ. ಕರೆಂಟ್ ಪೈಪ್‌ನಲ್ಲಿ ಮಾತ್ರ ಹಾಕಬೇಡಿ. ಕನೆಕ್ಟರ್ ಎಳೆದ ಮೇಲೆ ಹಾಕಿ, ಮೊದಲೇ ಹಾಕಿದ್ರೆ ಬೆಂಡ್‌ನಲ್ಲಿ ಸಿಕ್ಕಿಕೊಳ್ಳುತ್ತೆ. ಎರಡೂ ತುದಿಯಲ್ಲಿ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಮೇಲಿನ ತುದಿಗೆ ನಿಮ್ಮ ಹಳೇ ರೂಟರ್ ಹಾಕಿ. ಅದಕ್ಕೆ 192.168.1.2 ವಿಳಾಸ ಕೊಡಿ (ಕೆಳಗಿನದು 192.168.1.1 ಇದ್ರೆ), ಡಿಎಚ್‌ಸಿಪಿ (ಫೋನ್, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚೋ ವ್ಯವಸ್ಥೆ) ಆಫ್ ಮಾಡಿ, ಕೇಬಲನ್ನ ವ್ಯಾನ್ ಪೋರ್ಟ್ (ಹೊರಗಿನ ಲೈನ್ ಹಾಕೋ ಜಾಗ) ಬಿಟ್ಟು ಲ್ಯಾನ್ ಪೋರ್ಟಿಗೆ ಚುಚ್ಚಿ. ಎರಡು ಕಡೆ ಡಿಎಚ್‌ಸಿಪಿ ಓಡಿದ್ರೆ ಕೆಲವು ಫೋನ್‌ಗಳಿಗೆ ನೆಟ್ ಇರುತ್ತೆ, ಕೆಲವಕ್ಕೆ ಇರಲ್ಲ, ತಲೆ ಕೆಡುತ್ತೆ. ವೈಫೈ ಹೆಸರು, ಪಾಸ್‌ವರ್ಡ್ ಕೆಳಗಿನದ್ದೇ ಇರಲಿ, ಚಾನೆಲ್ ಮಾತ್ರ ಬೇರೆ.

ಮಹಡಿರೂಮು
ಪರೀಕ್ಷೆ ಮಾಡಿದೆ. ಮೇಲೆ ಸಿಗ್ನಲ್ 38%, ಪಿಂಗ್ 5ರಿಂದ 240. ಕೇಬಲ್‌ಗೆ ಪೈಪ್ ಇದೆ. ವಿಚಿತ್ರ ಅಂದ್ರೆ, ರೂಟರಿಗೆ ತಂತಿಯಲ್ಲಿ ಹಾಕಿದ್ರೂ 94 ದಾಟಲಿಲ್ಲ. ಲ್ಯಾಪ್‌ಟಾಪ್ ಲಿಂಕ್ 1000 ಅಂತಲೇ ಇದೆ.

ಚಾನೆಲ್ಹನ್ನೊಂದು
94 ಅಂದ್ರೆ ಎಲ್ಲೋ ಒಂದು ಕಡೆ 100ರ ಲಿಂಕ್ ಇದೆ ಅಂತಲೇ ಅರ್ಥ. ಲ್ಯಾಪ್‌ಟಾಪ್ ಕಡೆ ಸರಿಯಿರೋದ್ರಿಂದ ಉಳಿದದ್ದು ಫೈಬರ್ ಬಾಕ್ಸಿಂದ ರೂಟರಿಗೆ ಹೋಗೋ ಆ ಸಣ್ಣ ಕೇಬಲ್. 100ಕ್ಕೆ ಕಿತ್ತಳೆ, ಹಸಿರು ಜೋಡಿ ಎರಡೇ ಸಾಕು. 1000ಕ್ಕೆ ನಾಲ್ಕೂ ಜೋಡಿ ಬೇಕು. ನೀಲಿಯೋ ಕಂದೋ ಒಂದೆಳೆ ಕಡಿದಿದ್ರೆ ಲೈಟು ಎಂದಿನಂತೆ ಮಿನುಗುತ್ತೆ, ಸ್ಪೀಡ್ ಮಾತ್ರ ಸದ್ದಿಲ್ಲದೆ 100ಕ್ಕೆ ಇಳಿಯುತ್ತೆ. ಹಾಲ್‌ನಲ್ಲಿ 90ಕ್ಕೇ ನಿಲ್ಲೋದೂ ಇದರಿಂದಲೇ.

ತಂತಿಮೊದಲು
ಕೇಬಲ್ ಬದಲಿಸಿದ ಮೇಲೂ 94 ಬಂದ್ರೆ ಫೈಬರ್ ಬಾಕ್ಸಿನ ಹಿಂದೆ ನೋಡಿ. ಎಷ್ಟೋ ಬಾಕ್ಸ್‌ಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್, 'ಜಿಇ' ಅಂತ ಬರೆದಿರುತ್ತೆ. 'ಎಫ್‌ಇ' ಅಂತಿರೋದು 100ರದ್ದು. ಜಿಇಗೆ ಹಾಕಿದ ತಕ್ಷಣ ನೆಟ್ಟೇ ಹೋದ್ರೆ ಗಾಬರಿ ಬೇಡ, ಆ ಪೋರ್ಟಿಗೆ ಕನೆಕ್ಷನ್ ಜೋಡಿಸಿಲ್ಲ ಅಷ್ಟೇ. ಲೈನ್ ಕೊಟ್ಟವರಿಗೆ ಹೇಳಿದ್ರೆ ಅವರ ಕಡೆಯಿಂದಲೇ ಬದಲಿಸಿಕೊಡ್ತಾರೆ.