ಆಳಗಡಲ ಹವಳ: ‘ಆಶ್ರಯ’ವೋ, ‘ಆವಾಸಸ್ಥಾನ’ವೋ, ‘ನೆಲೆ’ಯೋ?

ಆಳಗಡಲ ಹವಳಗಳು ಇತರ ಜೀವಿಗಳಿಗೆ ಏನಾಗಿವೆ ಎಂಬುದನ್ನು ಹೇಳಲು ಒಪ್ಪುವ ಪದವನ್ನು ಹುಡುಕುತ್ತಿದ್ದೇನೆ. ‘ಹವಳಗಳು ಮೀನುಗಳಿಗೆ ಆಶ್ರಯ ನೀಡುತ್ತವೆ’ ಎಂದು ಮೊದಲು ಬರೆದುಕೊಂಡೆ. ಓದಲು ಹಿತವಾಗಿದ್ದರೂ ಅರ್ಥ ಸಾಲದು; ಆಶ್ರಯವೆಂದರೆ ಮರೆ, ರಕ್ಷಣೆ, ಜೊತೆಗೆ ಕೊಡುವವರೊಬ್ಬರು ಇದ್ದಾರೆಂಬ ಧ್ವನಿ.

ನಾರ್ವೆಯ ಲೋಫೋಟೆನ್ ದ್ವೀಪಗಳ ಬಳಿ 2002ರಲ್ಲಿ ಪತ್ತೆಯಾದ ರೋಸ್ಟ್ ಹವಳದಿಬ್ಬ ಸುಮಾರು 35 ಕಿಲೋಮೀಟರ್ ಉದ್ದವಿದೆ. 300ರಿಂದ 400 ಮೀಟರ್ ಆಳದಲ್ಲಿ ಅದನ್ನು ಕಟ್ಟಿದ್ದು ಲೋಫೀಲಿಯಾ ಎಂಬ ಹವಳ. ಬಿಸಿಲಿನ ನೆರವಿಲ್ಲದೆ, ನೀರಿನ ಸೆಳೆತ ಹೊತ್ತು ತರುವ ಪುಟ್ಟ ಜೀವಿಗಳನ್ನು ಹಿಡಿದು ತಿಂದು ಅದು ಬೆಳೆಯುತ್ತದೆ. ಇಂಥ ದಿಬ್ಬಗಳಲ್ಲಿ ಸ್ಪಂಜು, ಹುಳು, ಏಡಿ ಮೊದಲಾದವು ಜೀವಂತ ಕೊಂಬೆಗಳಿಗಿಂತ ಸತ್ತ ಕೊಂಬೆಗಳ ಸಂದುಗಳಲ್ಲಿಯೇ ಹೆಚ್ಚು ಬಗೆಯಾಗಿ ಸೇರಿಕೊಂಡಿರುತ್ತವೆ. ಹವಳ ಸತ್ತ ಮೇಲೂ ಉಳಿಯುವ, ಇನ್ನಷ್ಟು ತುಂಬಿಕೊಳ್ಳುವ ಈ ಸಂಬಂಧಕ್ಕೆ ‘ಆಶ್ರಯ ನೀಡು’ ಹೊಂದುವುದಿಲ್ಲವೆಂದು ನನ್ನ ಭಾವನೆ.

ಪಠ್ಯಪುಸ್ತಕಗಳ ‘ಆವಾಸಸ್ಥಾನ’ ಖಚಿತವಾದ ಪದ, ನಿಜ. ಆದರೆ ‘ಸ್ಥಾನ’ ಎಂದೊಡನೆ ಮೊದಲೇ ಸಿದ್ಧವಾಗಿದ್ದ ಜಾಗವೊಂದು ಕಣ್ಮುಂದೆ ಬರುತ್ತದೆ. ಇಲ್ಲಿ ಜಾಗವೇ ಒಂದು ಪ್ರಾಣಿಯ ಮೈ. ಅಷ್ಟೇ ಅಲ್ಲ, ಬಂದು ಸೇರಿದವರೂ ಅದನ್ನು ಕಟ್ಟುತ್ತಾರೆ. ಯೂನಿಸ್ ಎಂಬ ಹುಳು ಲೋಫೀಲಿಯಾದ ಕೊಂಬೆಗಳ ನಡುವೆ ತೆಳು ಕೊಳವೆಯೊಂದನ್ನು ಹೆಣೆದುಕೊಳ್ಳುತ್ತದೆ. ಹವಳವು ಆ ಕೊಳವೆಯ ಸುತ್ತ ಸುಣ್ಣದ ಪದರ ಬೆಳೆಸುತ್ತದೆ. ಅದರಿಂದ ಬಿಡಿ ಕೊಂಬೆಗಳು ಬೆಸೆದುಕೊಂಡು ದಿಬ್ಬ ಗಟ್ಟಿಯಾಗುತ್ತದೆ. ಇದನ್ನು ಓದಿದ ದಿನದಿಂದ ‘ಸ್ಥಾನ’ ಎಂದು ಬರೆಯಲು ನನಗೆ ಮನಸ್ಸಾಗುತ್ತಿಲ್ಲ.

ಹಾಗಾಗಿ ‘ನೆಲೆ’ಯತ್ತ ಒಲವು. ನೆಲೆಸು, ನೆಲೆಗೊಳ್ಳು, ನೆಲೆಯೂರು ಎಂಬ ಕ್ರಿಯಾರೂಪಗಳೆಲ್ಲ ಕೈಗೆ ಸಿಗುತ್ತವೆ. ‘ನೆಲೆ ನೀಡುತ್ತವೆ’ ಎನ್ನದೆ ‘ನೆಲೆಯಾಗಿವೆ’ ಎಂದರೆ ಕೊಡುವವರು, ಪಡೆಯುವವರು ಎಂಬ ಭೇದವೂ ಅಳಿಯುತ್ತದೆ. ತೊಡಕಿರುವುದು ಒಂದೇ: ಕಡಲಿನ ಸಂದರ್ಭದಲ್ಲಿ ‘ನೆಲೆ’ ಎಂದರೆ ಓದುಗರಿಗೆ ನೌಕಾನೆಲೆ ನೆನಪಾದೀತೇ?

ಇದಕ್ಕೆ ಅಂಟಿಕೊಂಡ ಇನ್ನೊಂದು ಸಂದೇಹವೂ ಇದೆ. ಆಳದ ಹವಳಗಳೆಲ್ಲ ದಿಬ್ಬ ಕಟ್ಟುವುದಿಲ್ಲ. ಹವಾಯಿಯ ಬಳಿ 4,000 ವರ್ಷ ಮೀರಿ ಬದುಕಿರುವುದೆಂದು ಗೊತ್ತಾಗಿರುವ ಕರಿಹವಳವು ಪೊದೆಯಂತೆ ಕವಲೊಡೆದು ನಿಲ್ಲುತ್ತದೆ. ಅಂಥವು ಗುಂಪಾಗಿ ಬೆಳೆದ ಕಡೆಯನ್ನು ‘ಹವಳದ ತೋಪು’ ಎನ್ನಬಹುದೇ, ಅಥವಾ ತೋಪು ಎಂದರೆ ನೆಟ್ಟು ಬೆಳೆಸಿದ್ದೆಂಬ ಅರ್ಥ ಮುಂದೆ ಬರುತ್ತದೆಯೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.