‘ಬ್ಲೆಂಡ್ ಮಾಡು’ ಅನ್ನೋದಕ್ಕೆ ‘ಬೆರೆಸು’ ಸರಿಯಾ? ಹಚ್ಚು, ಬಳಿ, ತೀಡು, ತಟ್ಟುಗಳ ಬಗ್ಗೆ

ಗೆಳೆಯರೇ,

ಒಂದು ಕ್ರಿಯಾಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಬಿಡಿಸಿಕೊಳ್ಳಲು ನಿಮ್ಮ ಸಹಾಯ ಬೇಕು. ಮೊದಲು ನಡೆದದ್ದು ಹೇಳಿಬಿಡುತ್ತೇನೆ.

ನನ್ನ ತಂಗಿ ದಾವಣಗೆರೆಯ ಮಂಡಿಪೇಟೆ ಹತ್ತಿರ ಚಿಕ್ಕದೊಂದು ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಕೆಲಸ ಕಲಿಯಲು ನಾಲ್ಕು ಹುಡುಗಿಯರು ಬರುತ್ತಾರೆ. ಒಬ್ಬಳು ಜಗಳೂರು ಕಡೆಯವಳು, ಒಬ್ಬಳು ಚನ್ನಗಿರಿ, ಒಬ್ಬಳು ಹೊಳಲ್ಕೆರೆ, ಇನ್ನೊಬ್ಬಳು ರಾಣೆಬೆನ್ನೂರು. ನಾಲ್ವರೂ ಕನ್ನಡ ಶಾಲೆಯಲ್ಲಿ ಓದಿದವರು. “ಅಕ್ಕ, ದಿನಾ ಕಾಲೇಜಿಗೆ ಹೋಗೋ ಹುಡುಗೀರು ಹತ್ತು ನಿಮಿಷದಲ್ಲಿ ಮಾಡ್ಕೊಳ್ಳೋ ಮೇಕಪ್ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರ್ಕೊಡು, ಇವರಿಗೆ ಕೊಡ್ತೀನಿ” ಅಂತ ತಂಗಿ ದುಂಬಾಲು ಬಿದ್ದಳು. ಶಾಲೆಯಲ್ಲಿ ಕನ್ನಡ ಕಲಿಸುವವಳು ನಾನು. ಒಂದು ಪುಟ ತಾನೇ ಅಂತ ಒಪ್ಪಿಕೊಂಡೆ.

ಇಂಗ್ಲಿಷ್ ಜಾಸ್ತಿ ಬೇಡ ಅನ್ನುವ ಹಠ ಬೇರೆ ಇತ್ತು ನನಗೆ. ಪಾರ್ಲರಿನಲ್ಲಿ ದಿನಕ್ಕೆ ನೂರು ಸಲ ಕೇಳಿಸುವ ‘ಬ್ಲೆಂಡ್ ಮಾಡು’ ಅನ್ನೋದನ್ನು ತೆಗೆದು, ‘ಕೆನ್ನೆಯ ಬಣ್ಣವನ್ನು ಫೌಂಡೇಶನ್ ಜೊತೆ ಚೆನ್ನಾಗಿ ಬೆರೆಸಿ’ ಅಂತ ಬರೆದೆ. (ಫೌಂಡೇಶನ್ ಅಂದರೆ ಮುಖಕ್ಕೆಲ್ಲ ಮೊದಲು ಹಚ್ಚುವ ಮೈಬಣ್ಣದ ಕ್ರೀಮು.) ಮಾರನೇ ದಿನ ಜಗಳೂರಿನ ಹುಡುಗಿ ಒಂದು ಬಟ್ಟಲಿಗೆ ಫೌಂಡೇಶನ್ ಹಿಂಡಿ, ಬ್ಲಶ್ ಅಂದರೆ ಕೆನ್ನೆಯ ಬಣ್ಣದ ಪುಡಿಯನ್ನು ಡಬ್ಬಿಯಿಂದ ಕೆರೆದು ಅದಕ್ಕೆ ಹಾಕಿ, ಗಂಟಿಲ್ಲದ ಹಾಗೆ ಕಲಸಿಟ್ಟಿದ್ದಳು. ಥೇಟ್ ಮಿರ್ಚಿಗೆ ಕಲಸಿದ ಹಿಟ್ಟು, ಬಣ್ಣ ಮಾತ್ರ ಗುಲಾಬಿ. ತಂಗಿ ಕೂಗಾಡಿದಳು. ಹುಡುಗಿ ನನ್ನ ಹಾಳೆ ತೋರಿಸಿ “ದೊಡ್ಡಕ್ಕ ಬರ್ದಿರೋದೇ ಹಂಗಲ್ವಾ?” ಅಂದಳು.

ಹೌದು, ಬರೆದಿರೋದು ಹಾಗೇ. ತಪ್ಪು ನನ್ನದು. ಕನ್ನಡದಲ್ಲಿ ಬೆರೆಸುವುದು ಅಂದರೆ ಎರಡನ್ನು ಒಂದು ಮಾಡುವುದು. ಹಾಲಿಗೆ ನೀರು ಬೆರೆಸಿದರೆ ಆಮೇಲೆ ಹಾಲು ಯಾವುದು ನೀರು ಯಾವುದು ಹೇಳಲಾಗದು. ಪಾರ್ಲರಿನ ‘ಬ್ಲೆಂಡ್’ ಹಾಗಲ್ಲ. ಅಲ್ಲಿ ಎರಡು ಬಣ್ಣವೂ ತಮ್ಮ ತಮ್ಮ ಜಾಗದಲ್ಲೇ ಇರುತ್ತವೆ. ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅನ್ನುವ ಗೆರೆ ಮಾತ್ರ ಕಾಣಬಾರದು, ಅಷ್ಟೇ. ಈ ಕೆಲಸಕ್ಕೆ ಕನ್ನಡದಲ್ಲಿ ಏನನ್ನಬೇಕು? ಇದೇ ನನ್ನ ಪ್ರಶ್ನೆ.

ಸುಮ್ನೆ ಕೇಳುವ ಬದಲು ನಾನೂ ಸ್ವಲ್ಪ ಹುಡುಕಿದೆ. ಒಂದು ವಾರ ಪಾರ್ಲರಿನ ಮೂಲೆಯಲ್ಲಿ ಕೂತು, ಬರುವವರು ಹೋಗುವವರು ಆಡುವ ಮಾತು ಬರೆದುಕೊಂಡೆ. ವಸ್ತುಗಳ ಹೆಸರಿನ ತಕರಾರು ನನಗಿಲ್ಲ. ಲಿಪ್‌ಸ್ಟಿಕ್ ಲಿಪ್‌ಸ್ಟಿಕ್ಕೇ. ‘ತುಟಿಬಣ್ಣ’ ಅಂತ ಅಂಗಡಿಯಲ್ಲಿ ಕೇಳಿದರೆ ಸೇಲ್ಸ್ ಹುಡುಗಿ ನಗುತ್ತಾಳೆ. ಫೌಂಡೇಶನ್, ಐಲೈನರ್, ಸನ್‌ಸ್ಕ್ರೀನ್ ಎಲ್ಲವೂ ಹಾಗೇ ಇರಲಿ. ಆದರೆ ಆ ವಸ್ತುವನ್ನು ಮುಖದ ಮೇಲೆ ಏನು ಮಾಡುತ್ತೇವೆ ಅನ್ನುವುದನ್ನು ನಮ್ಮ ಹೆಂಗಸರು ಈಗಲೂ ಕನ್ನಡದಲ್ಲೇ ಹೇಳುತ್ತಾರೆ, ಅದೂ ಒಂದೊಂದಕ್ಕೆ ಒಂದೊಂದು ಮಾತು. ಪೌಡರ್ ‘ಹಾಕ್ಕೊ’ಳ್ಳುತ್ತಾರೆ. ಕುಂಕುಮ ‘ಇಟ್ಕೊ’ಳ್ಳುತ್ತಾರೆ. ಕ್ರೀಮ್ ‘ಹಚ್ಕೊ’ಳ್ಳುತ್ತಾರೆ. ಐಲೈನರ್ ‘ಎಳಿ’ತಾರೆ, ರಂಗೋಲಿಯ ಎಳೆ ಎಳೆದ ಹಾಗೆ. ‘ಕುಂಕುಮ ಹಾಕ್ಕೊ’ ಅಂತ ಈಗಿನ ಹುಡುಗಿಯರು ಅನ್ನುವುದುಂಟು. ನಮ್ಮಮ್ಮನ ಕಿವಿಗೆ ಅದು ಇವತ್ತಿಗೂ ಒಗ್ಗಿಲ್ಲ.

ಇವುಗಳಲ್ಲಿ ‘ಹಚ್ಚು’ ನನಗೆ ತುಂಬ ಹಿಡಿಸಿತು. ಹತ್ತು, ಹಚ್ಚು ಎರಡೂ ಜೋಡಿ ಪದ. ತಾನಾಗಿ ಅಂಟಿದರೆ ಹತ್ತಿತು, ನಾವು ಅಂಟಿಸಿದರೆ ಹಚ್ಚಿದೆವು. ದೀಪ ಹತ್ತುತ್ತದೆ, ದೀಪ ಹಚ್ಚುತ್ತೇವೆ. ‘ಕಾಡಿಗೆ ಹಚ್ಚುವಾಗ ಬೆರಳಿಗೆ ಹತ್ತಿತು’ ಅನ್ನುವಲ್ಲಿ ಎರಡೂ ಒಟ್ಟಿಗೇ ಬರುತ್ತವೆ. ಹುಬ್ಬಳ್ಳಿ ಕಡೆ ಹೋದರೆ ಫೋನನ್ನೂ ಹಚ್ಚುತ್ತಾರೆ. ಒಂದು ಇನ್ನೊಂದಕ್ಕೆ ತಾಗಿ ನಿಲ್ಲುವುದು ಈ ಪದದ ತಿರುಳು ಅಂತ ಕಾಣುತ್ತದೆ. ಬಹುಶಃ ಅದಕ್ಕೇ ‘ಪೌಡರ್ ಹಚ್ಚು’ ಅನ್ನುವುದಕ್ಕಿಂತ ‘ಪೌಡರ್ ಹಾಕು’ ಅನ್ನುವುದು ಹೆಚ್ಚು. ಪೌಡರ್ ಉದುರುತ್ತದೆ, ಕ್ರೀಮಿನ ಹಾಗೆ ಹತ್ತುವುದಿಲ್ಲ.

ಇನ್ನು ‘ಬಳಿ’ ಮತ್ತು ‘ಮೆತ್ತು’. ಸುಣ್ಣ ಬಳಿಯುವುದು ಗೋಡೆಗೆ, ಸಗಣಿ ಬಳಿಯುವುದು ನೆಲಕ್ಕೆ, ಮಣ್ಣು ಮೆತ್ತುವುದು ಬಿರುಕಿಗೆ. ಇವು ಮುಖಕ್ಕೆ ಬಂದವೋ, ಬೈಗುಳವೇ ಆಯಿತು. “ಮದುವೇಲಿ ನೋಡಿದ್ಯಾ ಅವಳನ್ನ, ಎಷ್ಟು ಮೆತ್ಕೊಂಡಿದ್ಲು” ಅನ್ನುವ ಮಾತು ನೀವೂ ಕೇಳಿರುತ್ತೀರಿ. ಹಚ್ಕೊಂಡಿದ್ಲು ಅಂದರೆ ವರದಿ, ಬಳ್ಕೊಂಡಿದ್ಲು ಅಂದರೆ ತೀರ್ಪು! ಕನ್ನಡಕ್ಕೆ ತಂದ ಜಾಹೀರಾತುಗಳಲ್ಲಿ ‘ಲೇಪಿಸಿ’ ಅಂತ ಬರುತ್ತದಲ್ಲ, ಅದು ನನಗೆ ಗಾಯದ ಮುಲಾಮನ್ನು ನೆನಪಿಸುತ್ತದೆ.

‘ಸವರು’ ಇನ್ನೊಂದು. ತೆಳುವಾಗಿ, ಭಾರ ಹಾಕದೆ ಒಂದು ಸಲ ಕೈ ಆಡಿಸಿದರೆ ಸವರಿದಂತೆ. ಬೆಣ್ಣೆದೋಸೆಯ ಊರಿನವರಿಗೆ ಈ ಪದ ವಿವರಿಸಬೇಕಿಲ್ಲ. ನಮ್ಮ ದೋಸೆಯವರು ಬೆಣ್ಣೆ ಸವರುವುದಿಲ್ಲ, ಸುರಿಯುತ್ತಾರೆ ಅನ್ನುವುದು ಬೇರೆ ಮಾತು. ಸನ್‌ಸ್ಕ್ರೀನ್ ವಿಷಯದಲ್ಲಿ ಈ ವ್ಯತ್ಯಾಸ ಮುಖ್ಯ. ‘ಸವರಿ’ ಅಂತ ಬರೆದರೆ ಹುಡುಗಿಯರು ಕಡಲೆಕಾಳಿನಷ್ಟು ತೆಗೆದು ಮುಗಿಸುತ್ತಾರೆ. ಮುಖ, ಕುತ್ತಿಗೆಗೆ ಸೇರಿ ಎರಡು ಬೆರಳಿನ ಉದ್ದಕ್ಕೂ ಹಿಂಡಿದಷ್ಟು ಬೇಕು. ಎಸ್‌ಪಿಎಫ್ 30 ಅಂತ ಡಬ್ಬಿಯ ಮೇಲಿರುವ, ಬಿಸಿಲು ತಡೆಯುವ ಲೆಕ್ಕ ಸಿಗುವುದು ಅಷ್ಟು ಹಚ್ಚಿದಾಗ ಮಾತ್ರ. ಬಿಸಿಲಿಗೆ ಹೊರಡುವ ಹದಿನೈದು ನಿಮಿಷ ಮೊದಲು ಹಚ್ಚಬೇಕು. ಅದಕ್ಕೆ ಟಿಪ್ಪಣಿಯಲ್ಲಿ ‘ಸವರಿ’ ತೆಗೆದು ‘ಧಾರಾಳವಾಗಿ ಹಚ್ಚಿ’ ಅಂತ ಮಾಡಿದೆ. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ.

ಫೌಂಡೇಶನ್ನಿಗೆ ಪದ ಸಿಕ್ಕಿದ್ದು ಹೊಳಲ್ಕೆರೆ ಹುಡುಗಿಯಿಂದ. ಸ್ಪಂಜನ್ನು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಅದರಿಂದ ಮುಖದ ಮೇಲೆ ಮೆಲ್ಲಗೆ ಟಪ್ ಟಪ್ ಅಂತ ಮಾಡಬೇಕು. ಎಳೆಯಬಾರದು. ಎಳೆದರೆ ಪಟ್ಟೆ ಬೀಳುತ್ತದೆ. ಇದನ್ನು ಕೈಯಲ್ಲಿ ಮಾಡಿ ತೋರಿಸಿ, ಏನನ್ನುತ್ತೀರಿ ಅಂತ ನಾಲ್ವರನ್ನೂ ಕೇಳಿದೆ. “ತಟ್ಟೋದು. ರೊಟ್ಟಿ ತಟ್ಟಲ್ವಾ?” ಅಂದಳು. ಎಷ್ಟು ಸಲೀಸು! ತಟ್ಟಿದ ಮೇಲೆ ಅದು ‘ಕೂರಬೇಕು’. ಸೀರೆ ನೆರಿಗೆ ಕೂರುತ್ತದಲ್ಲ, ಹಾಗೆ. ‘ಮೇಕಪ್ ಕೂತಿಲ್ಲ’ ಅನ್ನುವುದು ಪಾರ್ಲರಿನ ದಿನದ ಮಾತು. ಮೇಲೊಂದಿಷ್ಟು ಪೌಡರ್ ಒತ್ತಿ ಅದನ್ನು ‘ಕೂರಿಸು’ತ್ತಾರೆ. ಹೀಗೆ ತಟ್ಟು, ಒತ್ತು, ಕೂರಿಸು ಮೂರೂ ಟಿಪ್ಪಣಿ ಸೇರಿದವು.

ಊರಿಂದ ಊರಿಗೆ ಪದ ಬದಲಾಗುವುದೂ ಇಲ್ಲೇ ಚೆನ್ನಾಗಿ ಕಾಣುತ್ತದೆ. ಜಗಳೂರು, ಹೊಳಲ್ಕೆರೆ, ದಾವಣಗೆರೆ ಎಲ್ಲ 1997ರವರೆಗೆ ಒಂದೇ ಚಿತ್ರದುರ್ಗ ಜಿಲ್ಲೆ. ಚನ್ನಗಿರಿ ಆಗ ಶಿವಮೊಗ್ಗದಲ್ಲಿತ್ತು. ನಮ್ಮ ಪಿ.ಬಿ. ರಸ್ತೆ ಅಂದರೆ ಪೂನಾದಿಂದ ಬೆಂಗಳೂರಿಗೆ ಹೋಗುವ ರಸ್ತೆ, ಮಾತೂ ಅದೇ ರಸ್ತೆಯಲ್ಲಿ ಎರಡು ಕಡೆಯಿಂದ ಬಂದು ಇಲ್ಲಿ ಇಳಿಯುತ್ತದೆ. ರಾಣೆಬೆನ್ನೂರಿನವಳು ‘ಟಿಕಳಿ’ ಅನ್ನುತ್ತಾಳೆ, ಉಳಿದ ಮೂವರು ‘ಬೊಟ್ಟು’ ಇಲ್ಲವೇ ‘ಸ್ಟಿಕ್ಕರ್’. ನಮ್ಮಜ್ಜಿಯ ಕಾಲದ ‘ಸಾದು’ ನಾಲ್ವರಿಗೂ ಗೊತ್ತಿಲ್ಲ. ಸಬ್ಬಕ್ಕಿಯನ್ನು ಕಪ್ಪಗೆ ಹುರಿದು, ನೀರು ಹಾಕಿ ಕುದಿಸಿ, ಕರಟಕ್ಕೆ ಹುಯ್ದು ಒಣಗಿಸಿಡುತ್ತಿದ್ದರು. ಬೇಕಾದಾಗ ಒಂದು ಹನಿ ನೀರು ಬಿಟ್ಟು ಬೆರಳಲ್ಲಿ ಉಜ್ಜಿ ಬೊಟ್ಟಿಡುತ್ತಿದ್ದರು. ನಿಮ್ಮ ಕಡೆ ಇದಕ್ಕೆ ಬೇರೆ ಹೆಸರಿದ್ದರೆ ಬರೆಯಿರಿ.

ಸರಿ, ಮೂಲ ಪ್ರಶ್ನೆಗೆ ಬರುತ್ತೇನೆ. ‘ಬ್ಲೆಂಡ್’ಗೆ ನಾನು ಮೊದಲು ಹಿಡಿದದ್ದು ‘ತೀಡು’. ಮೀಸೆ ತೀಡು, ಹುಬ್ಬು ತೀಡು, ಕಾಡಿಗೆ ತೀಡಿದ ಕಣ್ಣು. ತಂಗಾಳಿಯೂ ತೀಡುತ್ತದೆ. ಮೆಲ್ಲಗೆ ಒಂದೇ ದಿಕ್ಕಿಗೆ ಒತ್ತಿಕೊಂಡು ಹೋಗುವುದು ಇದರಲ್ಲಿದೆ. ಬರಹವನ್ನು ‘ತಿದ್ದಿ ತೀಡಿ’ ಅನ್ನುತ್ತೇವಲ್ಲ, ಅದು ಹುಬ್ಬು, ಮುಂಗುರುಳಿನ ಕಡೆಯಿಂದ ಬಂದ ಮಾತೇ ಇರಬೇಕು ಅಂತ ನನ್ನ ಊಹೆ. ಪದವೇನೋ ಸೊಗಸಾಗಿದೆ. ತೊಡಕು ಏನೆಂದರೆ, ತೀಡಿದರೆ ಗೆರೆ ಇನ್ನೂ ಚೂಪಾಗುತ್ತದೆ. ತೀಡಿದ ಹುಬ್ಬು ಎದ್ದು ಕಾಣುವ ಹುಬ್ಬು. ನಮಗೆ ಬೇಕಾದ್ದು ಅದರ ಉಲ್ಟಾ.

‘ಹೊಂದಿಸು’ ನೋಡಿದೆ. ಅದು ಸೀರೆಗೆ ರವಿಕೆ ಹೊಂದಿಸುವ ಕೆಲಸ, ಅಂದರೆ ಆರಿಸುವುದು. ‘ಹರಡು’ ಅಂದರೆ ಕಾಡಿಗೆ ಕೆಟ್ಟು ಕೆನ್ನೆಗೆ ಇಳಿದ ಹಾಗೆ ಕೇಳಿಸುತ್ತದೆ. ‘ಮಿಳಿತಗೊಳಿಸು’ ಅಂತ ಬರೆದರೆ ತಂಗಿ ಹಾಳೆ ಹರಿದು ಹಾಕುತ್ತಾಳೆ.

ನಾಟಕದವರ ಹತ್ತಿರ ಪದ ಸಿಗಬಹುದು ಅನ್ನಿಸಿತು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ‘ಬಣ್ಣ ಹಚ್ಚು’ ಅಂದರೆ ಇಲ್ಲಿ ಇವತ್ತಿಗೂ ನಾಟಕದಲ್ಲಿ ಪಾರ್ಟು ಮಾಡುವುದು ಅಂತಲೇ ಅರ್ಥ. ಅದಕ್ಕೇ ‘ಮುಖಕ್ಕೆ ಬಣ್ಣ ಹಚ್ಚಿ’ ಅಂತ ಟಿಪ್ಪಣಿಯಲ್ಲಿ ಎಲ್ಲೂ ಬರೆಯಲಿಲ್ಲ. ಹಿಂದೆ ಬಿಳಿ ಬಣ್ಣಕ್ಕೆ ಸಫೇತ, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಬಳಸುತ್ತಿದ್ದರು. ಅರದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ. ಹಳೆಯದೆಲ್ಲ ಒಳ್ಳೆಯದು ಅನ್ನುವವರಿಗೆ ಇದನ್ನು ಹೇಳುತ್ತಿರುತ್ತೇನೆ. ಪರಿಚಯದ ಹಿರಿಯ ಬಣ್ಣದವರೊಬ್ಬರನ್ನು ಕೇಳಿದೆ. ಕೆನ್ನೆಗೆ ಕೆಂಪು ಇಟ್ಟು ಅದರ ಸುತ್ತ ಬೆರಳಾಡಿಸುವುದಕ್ಕೆ ನೀವೇನು ಅನ್ನುತ್ತಿದ್ದಿರಿ ಅಂದೆ. ಅವರು ತುಸು ಯೋಚಿಸಿ, “ಅಂಚು ಕರಗಿಸೋದು ಕಣಮ್ಮ. ಅಂಚು ಕಂಡ್ರೆ ಮುಂದಿನ ಸಾಲಿನವ್ರು ನಗ್ತಾರೆ” ಅಂದರು.

ಅಂಚು ಕರಗಿಸು! ನನಗಂತೂ ಇದೇ ಸರಿ ಅನ್ನಿಸಿದೆ. ಬಣ್ಣ ಕರಗುವುದಿಲ್ಲ, ಅಂಚು ಮಾತ್ರ ಕರಗುತ್ತದೆ. ‘ಕೆನ್ನೆಯ ಬಣ್ಣವನ್ನು ಕಿವಿಯ ಕಡೆಗೆ ಎಳೆದು ಅಂಚು ಕರಗಿಸಿ.’ ‘ದವಡೆಯಿಂದ ಕುತ್ತಿಗೆಗೆ ಇಳಿಯುವಲ್ಲಿ ಫೌಂಡೇಶನ್ನಿನ ಅಂಚು ಕರಗಿಸಿ, ಆಮೇಲೆ ಬಾಗಿಲಿಗೆ ಬಂದು ಬೆಳಕಿನಲ್ಲಿ ನೋಡಿ.’ ಟ್ಯೂಬ್‌ಲೈಟಿನಲ್ಲಿ ಸರಿ ಕಂಡದ್ದು ಬಿಸಿಲಿನಲ್ಲಿ ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ ಆಗಿರುತ್ತದೆ. ಜಗಳೂರಿನವಳಿಗೆ ಓದಲು ಕೊಟ್ಟೆ. ಈ ಸಲ ಬಟ್ಟಲು ತೆಗೆಯಲಿಲ್ಲ, ಬ್ರಷ್ ತೆಗೆದಳು.

ಆದರೂ ಒಬ್ಬರ ಬಾಯಲ್ಲಿ ಕೇಳಿದ ಮಾತನ್ನು ಎಲ್ಲರದು ಅನ್ನಲಾಗದು. ಬೋರ್ಡ್ ಬರೆಯುವವರು, ಗೊಂಬೆಗೆ ಬಣ್ಣ ಹಾಕುವವರು, ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿ ಓಡಾಡಿದವರು ಇಲ್ಲಿದ್ದೀರಿ. ನಿಮ್ಮ ಕೆಲಸದಲ್ಲಿ ಇದಕ್ಕೆ ಏನನ್ನುತ್ತಾರೆ?

ಜೊತೆಗೆ ಒಂದು ಉಪಪ್ರಶ್ನೆ. ಫೌಂಡೇಶನ್ ಆರಿಸಲು ಮೈಬಣ್ಣದ ಹೆಸರು ಬೇಕು. ಎಣ್ಣೆಗಪ್ಪು, ಎಣ್ಣೆಗೆಂಪು, ಗೋಧಿಬಣ್ಣ ಇವೆ. ಡಬ್ಬಿಗಳ ಮೇಲಿನ ನಂಬರುಗಳಿಗಿಂತ ಎಷ್ಟೋ ಚೆನ್ನ. ಆದರೆ ಬೆಳ್ಳಗಿರುವವಳನ್ನು ನಮ್ಮ ಕಡೆ ‘ಕೆಂಪಗಿದಾಳೆ’ ಅನ್ನುತ್ತಾರಲ್ಲ, ಅಲ್ಲಿ ಗೊಂದಲ. ಚರ್ಮದ ಅಡಿಯಿಂದ ಇಣುಕುವ ಹಳದಿ ಅಥವಾ ಕೆಂಪು ಛಾಯೆಯನ್ನು ಪಾರ್ಲರಿನವರು ಬೇರೆಯಾಗಿ ನೋಡುತ್ತಾರೆ. ಅದಕ್ಕೆ ‘ಒಳಬಣ್ಣ’ ಅಂತ ಬರೆದಿದ್ದೇನೆ. ‘ಕೆಂಪು ಒಳಬಣ್ಣ’ ಅಂದ ಕೂಡಲೇ ಹುಡುಗಿಯರು ಬಿಳಿ ಮೈಬಣ್ಣ ಅಂದುಕೊಳ್ಳುತ್ತಾರೆ. ಏನು ಮಾಡಲಿ?

ಕಾಡಿಗೆಯ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ ‘ಕಾಡಿಗೆ ಹಿಡಿಯುವ’ ಮಾತು ನನಗೆ ಗೊತ್ತು, ಇಷ್ಟ ಕೂಡ. ಟಿಪ್ಪಣಿಯಲ್ಲಿ ಮಾತ್ರ ‘ಒಬ್ಬರ ಕಾಡಿಗೆ ಇನ್ನೊಬ್ಬರು ಹಚ್ಚಬೇಡಿ’ ಅಂತ ದಪ್ಪಕ್ಷರದಲ್ಲಿ ಹಾಕಿದ್ದೇನೆ. ಹಾಸ್ಟೆಲಿನಲ್ಲಿ ಒಬ್ಬಳಿಗೆ ಕಣ್ಣುಬೇನೆ ಬಂದರೆ ಇಡೀ ರೂಮಿಗೆ ಹಬ್ಬುವುದು ಹೀಗೇ. ರಾತ್ರಿ ಮಲಗುವ ಮೊದಲು ಎಲ್ಲವನ್ನೂ ತೆಗೆಯಬೇಕು. ಇಲ್ಲಿ ‘ತಿಕ್ಕಿ’ ಅಂತ ಬರೆದಿದ್ದೆ. ತಂಗಿ ಅದನ್ನು ಹೊಡೆದು ‘ಒರೆಸಿ’ ಅಂತ ಮಾಡಿದಳು. ತಿಕ್ಕುವುದು ಪಾತ್ರೆಯನ್ನಂತೆ.

ಸೋಮವಾರ ಜೆರಾಕ್ಸ್ ಮಾಡಿಸುತ್ತೇನೆ. ‘ಅಂಚು ಕರಗಿಸು’ ಅನ್ನುವುದಕ್ಕಿಂತ ಒಳ್ಳೆಯ ಮಾತು ಯಾರ ಹತ್ತಿರವಾದರೂ ಇದ್ದರೆ ಭಾನುವಾರ ರಾತ್ರಿಯೊಳಗೆ ಬರೆದುಬಿಡಿ.